ದೋಚಿಸಿಕೊಂಡ ಹಡಗು

ಲೆಗೋ ಇಟ್ಟಿಗೆಗಳಿಂದ ಕಡಲ್ಗಳ್ಳರ ಹಡಗು ಕಟ್ಟುವುದು ನನ್ನ ಹವ್ಯಾಸ ಎಂದರೆ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಇಟ್ಟಿಗೆಯ ಬೆಲೆ ಕೇಳುತ್ತಾರೆ, ಬೆಲೆ ಕೇಳಿದ ಮೇಲೆ ನಗುವುದನ್ನು ನಿಲ್ಲಿಸುತ್ತಾರೆ. ನಲವತ್ತು ದಾಟಿದವನು ಮಕ್ಕಳ ಆಟಿಕೆಯಲ್ಲಿ ಮುಳುಗಿರುವುದೇ ಅವರಿಗೆ ಸೋಜಿಗ. ನನಗೆ ಅದರಲ್ಲಿ ಸಂಕೋಚವಿಲ್ಲ. ಆದರೆ ಅವರ್ಯಾರೂ ಕೇಳದ ಇನ್ನೊಂದು ಪ್ರಶ್ನೆ ಕೆಲವು ವರ್ಷಗಳಿಂದ ನನ್ನ ಜೊತೆಗಿದೆ. ನಾನು ಕಟ್ಟುತ್ತಿರುವುದು ದರೋಡೆಕೋರರ ವಾಹನ. ಅದು ಆಟಿಕೆಯಾದದ್ದು ಹೇಗೆ? ಹೆದ್ದಾರಿಯಲ್ಲಿ ಲಾರಿ ಅಡ್ಡಗಟ್ಟಿ ದೋಚುವವರ ಜೀಪಿನ ಮಾದರಿಯನ್ನು ಯಾರೂ ಮಗುವಿನ ಹುಟ್ಟುಹಬ್ಬಕ್ಕೆ ಕೊಡುವುದಿಲ್ಲ. ಕಳ್ಳನ ಹಿಂದೆ ಕಡಲು ಸೇರಿದ ಕೂಡಲೇ ಅವನು ಚಂದ ಕಾಣತೊಡಗುತ್ತಾನೆ. 'ಕಡಲ್ಗಳ್ಳ' ಎನ್ನುವ ನಮ್ಮ ಪದವನ್ನೇ ನೋಡಿ, ಬಾಯಲ್ಲಿ ಹೇಳಿಕೊಳ್ಳುವುದಕ್ಕೇ ಒಂದು ಖುಷಿ.

ಮೊದಲು ಈ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ಅಂಗಡಿಯಲ್ಲಿ ಸಿಗುವ ಹಡಗಿನ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಒಡಲಿನ ದೊಡ್ಡ ದೊಡ್ಡ ತುಂಡುಗಳು ಅಚ್ಚಿನಲ್ಲೇ ತಯಾರಾಗಿ ಬಂದಿರುತ್ತವೆ. ಸ್ವಂತ ಹಡಗು ಕಟ್ಟುವವರಲ್ಲಿ ಬಹಳಷ್ಟು ಜನ ಅವನ್ನು ಮುಟ್ಟುವುದಿಲ್ಲ. ಚೌಕಾಕಾರದ ಇಟ್ಟಿಗೆಯಿಂದ ಹಡಗಿನ ಹೊಟ್ಟೆಯ ಬಾಗನ್ನು ತರುವುದೇ ಇಲ್ಲಿನ ಪಂಥ. ಇಟ್ಟಿಗೆಯ ತಲೆಯ ಮೇಲಿನ ಒಂದು ಗುಂಡಿಯಿಂದ ಇನ್ನೊಂದು ಗುಂಡಿಗೆ 8 ಮಿಲಿಮೀಟರ್. ಇಟ್ಟಿಗೆಯ ಎತ್ತರ 9.6, ತೆಳು ಪ್ಲೇಟಿನದು 3.2. ಐದು ಪ್ಲೇಟು ಪೇರಿಸಿದರೆ 16 ಮಿಲಿಮೀಟರ್, ಅಂದರೆ ಸರಿಯಾಗಿ ಎರಡು ಗುಂಡಿಯ ಅಗಲ. ಈ ಒಂದು ಲೆಕ್ಕ ಕೂಡಿಬರುವುದರಿಂದಲೇ ಇಟ್ಟಿಗೆಯನ್ನು ಮಗ್ಗುಲಿಗೆ ಮಲಗಿಸಿ, ಕೀಲು ಹಾಕಿ, ಹಲಗೆಯಂತೆ ಬಾಗಿಸಿ ಕೂರಿಸಲು ಆಗುತ್ತದೆ. ಮೊದಲು ಕಂಪ್ಯೂಟರಿನಲ್ಲಿ ಕಟ್ಟಿ ನೋಡುತ್ತೇನೆ. ಆದರೆ ಪರದೆಯ ಮೇಲೆ ಭಾರವೇ ಇರುವುದಿಲ್ಲವಲ್ಲ, ಅಲ್ಲಿ ಗಟ್ಟಿಯಾಗಿ ನಿಂತ ಹಿಂಭಾಗ ಮೇಜಿನ ಮೇಲೆ ತನ್ನ ತೂಕಕ್ಕೇ ಬಾಯಿಬಿಡುತ್ತದೆ. ಮರದ ಬಣ್ಣದ್ದು ಬೇರೆ ಕಥೆ. 2004ರ ಸುಮಾರಿಗೆ ಕಂಪನಿ ತನ್ನ ಹಳೆಯ ಕಂದು ಬಣ್ಣವನ್ನು ಬಿಟ್ಟು ಕೆಂಗಂದನ್ನು ತಂದಿತು. ಹಳೆಯದೂ ಹೊಸದೂ ಬೆರೆತರೆ ತೇಪೆ ಹಾಕಿದ ದೋಣಿಯಂತೆ ಕಾಣುತ್ತದೆ, ಮೇಲಾಗಿ ಕೆಂಗಂದಿನ ಎಷ್ಟೋ ತುಂಡುಗಳು ಬಿಚ್ಚುವಾಗ ಚಟ್ಟೆಂದು ಒಡೆಯುತ್ತವೆ. ಹಾಯಿಗೆ ಬಟ್ಟೆ ಕತ್ತರಿಸಿ, ಹಗ್ಗಕ್ಕೆ ಹೊಲಿಗೆ ದಾರ ಬಿಗಿಯುವ ಹೊತ್ತಿಗೆ ಎಷ್ಟೋ ತಿಂಗಳು ಕಳೆದಿರುತ್ತವೆ.

ಇಷ್ಟು ನಿಧಾನದ ಕೆಲಸದಲ್ಲಿ ತಲೆ ಖಾಲಿ ಇರುವುದಿಲ್ಲ. ಹಾಗೆ ಕೂತು ಯೋಚಿಸುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು 1989. ಲೆಗೋ ಕಡಲ್ಗಳ್ಳರು ಬಂದ ವರ್ಷ ಅದು. 1978ರಿಂದ ಆವರೆಗೆ ಲೆಗೋದ ಪುಟ್ಟ ಮನುಷ್ಯರಿಗೆಲ್ಲ ಒಂದೇ ಮುಖ. ಎರಡು ಚುಕ್ಕಿ ಕಣ್ಣು, ಒಂದು ನಗು. ಪೊಲೀಸನೂ ಅದೇ, ಡಾಕ್ಟರೂ ಅದೇ, ಗಗನಯಾತ್ರಿಯೂ ಅದೇ. ಆ ನಗು ಬಿಟ್ಟು ಬೇರೆ ಮುಖ ಮೊದಲು ಸಿಕ್ಕಿದ್ದು ಕಡಲ್ಗಳ್ಳರ ಸೆಟ್ಟುಗಳಲ್ಲಿ: ಕಣ್ಣಿಗೆ ಕಪ್ಪುಪಟ್ಟಿ, ಕುರುಚಲು ಗಡ್ಡ, ಕೈಗೆ ಕೊಕ್ಕೆ, ಮರದ ಕಾಲು. ಒಬ್ಬ ವ್ಯಕ್ತಿಯಾಗುವ ಹಕ್ಕು ಆ ಪ್ಲಾಸ್ಟಿಕ್ ಲೋಕದಲ್ಲಿ ಮೊದಲು ದಕ್ಕಿದ್ದು ದರೋಡೆಕೋರನಿಗೆ. ಇಂದಿನ ಯುದ್ಧಗಳಲ್ಲಿ ಕಾಣುವಂಥ ನೈಜ ಆಯುಧಗಳನ್ನು ಆಟಿಕೆ ಮಾಡುವುದಿಲ್ಲ ಎನ್ನುವುದು ಇದೇ ಕಂಪನಿಯ ನೀತಿ. ಟ್ಯಾಂಕ್ ಬೇಡ, ಫಿರಂಗಿ ಪರವಾಗಿಲ್ಲ. ನಡುವೆ ಇರುವುದು ಕಾಲ ಮಾತ್ರ.

ಕಾಲ ಕಳೆದರೆ ಕ್ರೌರ್ಯ ಕಥೆಯಾಗುತ್ತದೆ ಎಂದು ನಾನೂ ನಂಬಿಕೊಂಡಿದ್ದೆ. ಹೆನ್ರಿ ಎವರಿಯ ವಿಷಯದಲ್ಲಿ ಮಾತ್ರ ಈ ಮಾತು ನಿಲ್ಲುವುದಿಲ್ಲ. 1695ರಲ್ಲಿ ಅವನ 'ಫ್ಯಾನ್ಸಿ' ಎಂಬ ಹಡಗು ಅರಬ್ಬೀ ಸಮುದ್ರದಲ್ಲಿ ಔರಂಗಜೇಬನ 'ಗಂಜ್-ಎ-ಸವಾಯಿ'ಯನ್ನು ಹಿಡಿಯಿತು. ಅದು ಸೂರತ್ತಿಗೆ ಮರಳುತ್ತಿದ್ದ ಹಡಗು. ಒಳಗೆ ಮೆಕ್ಕಾ ಯಾತ್ರೆ ಮುಗಿಸಿದ ಗಂಡಸರು, ಹೆಂಗಸರು, ಜೊತೆಗೆ ವ್ಯಾಪಾರದ ಹಣ. ಆ ಕಾಲದ ಚರಿತ್ರೆಕಾರ ಖಾಫಿ ಖಾನ್ 52 ಲಕ್ಷ ರೂಪಾಯಿ ಎನ್ನುತ್ತಾನೆ. ಹಡಗಿನವರ ಫಿರಂಗಿಯೊಂದು ಅವರ ನಡುವೆಯೇ ಸಿಡಿಯಿತು, ಶತ್ರುವಿನ ಗುಂಡು ದೊಡ್ಡ ಹಾಯಿಕಂಬಕ್ಕೆ ಬಡಿಯಿತು. ಆಮೇಲೆ ಹಲವು ದಿನ ಲೂಟಿ, ಚಿತ್ರಹಿಂಸೆ, ಹೆಂಗಸರ ಮೇಲೆ ಅತ್ಯಾಚಾರ. ಮಾನ ಉಳಿಸಿಕೊಳ್ಳಲು ಕೆಲವರು ಸಮುದ್ರಕ್ಕೆ ಹಾರಿದರು. ಎವರಿಯ ಕೆಲವು ಸಂಗಡಿಗರನ್ನು 1696ರಲ್ಲಿ ಲಂಡನ್ನಿನಲ್ಲಿ ಗಲ್ಲಿಗೇರಿಸಿದರು, ಅವನು ಮಾತ್ರ ಯಾರ ಕೈಗೂ ಸಿಗಲಿಲ್ಲ. 1712ರಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ 'ದಿ ಸಕ್ಸೆಸ್‌ಫುಲ್ ಪೈರೇಟ್' ಎಂಬ ನಾಟಕ ಆಡಿದರು. ಅದರ ನಾಯಕನಿಗೆ ಎವರಿಯೇ ಮಾದರಿ. ಲೆಕ್ಕ ಹಾಕಿ, ಬರೀ 17 ವರ್ಷ. ಆ ಹಡಗಿನಲ್ಲಿ ಬದುಕುಳಿದ ಹುಡುಗಿಯರು ಸೂರತ್ತಿನಲ್ಲಿ ಇನ್ನೂ ನಡುವಯಸ್ಸಿಗೂ ಬಂದಿರಲಿಲ್ಲ. ಕಥೆಯಾಗಲು ಬೇಕಿದ್ದದ್ದು ಕಾಲವಲ್ಲ, ದೂರ. ದೋಚಿಸಿಕೊಂಡವರು ನೋಡುಗರ ಪೈಕಿ ಇಲ್ಲದಿದ್ದರೆ ಸಾಕಿತ್ತು.

ನಮ್ಮ ಕರಾವಳಿಗೆ ಆ ದೂರ ಇರಲಿಲ್ಲ. ಈ ಘಟನೆಯಾದ ಎರಡು ವರ್ಷಕ್ಕೆ, 1697ರಲ್ಲಿ, ವಿಲಿಯಂ ಕಿಡ್ ತನ್ನ 'ಅಡ್ವೆಂಚರ್ ಗ್ಯಾಲಿ'ಯನ್ನು ಕಾರವಾರಕ್ಕೇ ತಂದು ನಿಲ್ಲಿಸಿದ್ದ. ಅದಕ್ಕೂ ಹಿಂದೆ, ಹೊನ್ನಾವರದ ತಿಮ್ಮೋಜನನ್ನು ಪೋರ್ಚುಗೀಸರು ಕಡಲ್ಗಳ್ಳ ಎಂದೇ ಕರೆದರು. 1510ರಲ್ಲಿ ಗೋವೆ ಹಿಡಿಯಲು ಅವನ ನೆರವು ಬೇಕಾದಾಗ ಅವನೇ ಮಿತ್ರನಾದ. ಯಾರು ಕಳ್ಳ ಎಂಬುದನ್ನು ಬಹಳ ಸಲ ಹಡಗಿನ ಬಾವುಟವೇ ತೀರ್ಮಾನಿಸುತ್ತದೆ.

ಹಾಗೆಂದು ಕಡಲ್ಗಳ್ಳರ ಮೋಹವೆಲ್ಲ ಸುಳ್ಳು ಎಂದು ತಳ್ಳಿಬಿಡಲು ನನ್ನಿಂದಾಗದು. 'ಫ್ಯಾನ್ಸಿ'ಗೆ ಮೊದಲಿದ್ದ ಹೆಸರು 'ಚಾರ್ಲ್ಸ್ 2'. 1694ರಲ್ಲಿ ಸ್ಪೇನಿನ ಬಂದರಿನಲ್ಲಿ ತಿಂಗಳುಗಟ್ಟಲೆ ಸಂಬಳವಿಲ್ಲದೆ ಕೊಳೆಯುತ್ತಿದ್ದ ನಾವಿಕರು ಬಂಡೆದ್ದು ಅದನ್ನು ಕಸಿದುಕೊಂಡರು. ಇಂಥ ಹಡಗುಗಳಲ್ಲಿ ಎಷ್ಟೋ ಕಡೆ ಕಪ್ತಾನನನ್ನು ನಾವಿಕರೇ ಆರಿಸುತ್ತಿದ್ದರು, ಲೂಟಿಯನ್ನು ಮೊದಲೇ ಒಪ್ಪಿಕೊಂಡಂತೆ ಹಂಚುತ್ತಿದ್ದರು, ಕೈಕಾಲು ಕಳೆದುಕೊಂಡವನಿಗೆ ಪರಿಹಾರವೂ ಇತ್ತು. ಸೆಟ್ಟಿನಲ್ಲಿ ಬರುವ ಆ ಮರದ ಕಾಲಿನ ಹಿಂದೆ ಇಂಥದ್ದೊಂದು ಒಪ್ಪಂದವಿದೆ ಎಂದು ಗೊತ್ತಾದ ದಿನ ನನಗೆ ಅದರ ಮೇಲೆ ಗೌರವವೇ ಬಂತು. ಯಜಮಾನನಿಲ್ಲದ ಹಡಗು ಎಂಬ ಕನಸು ನಿಜವಾದದ್ದು. ಆಡುವ ಮಗು ಹಿಡಿದುಕೊಳ್ಳುವುದೂ ಅದನ್ನೇ, ಅದು ಯಾರನ್ನೂ ದೋಚುತ್ತಿಲ್ಲ. ಮಗುವಿನ ಮೇಲೆ ನನ್ನ ತಕರಾರಿಲ್ಲ. ಆದರೆ ನಾನು ಮಗುವಲ್ಲ. ಪ್ರತಿ ತುಂಡನ್ನೂ ಆರಿಸಿ ಇಡುವವನು. ಫಿರಂಗಿಯ ಕಿಂಡಿ ಎಷ್ಟು ಅಗಲ ಇರಬೇಕು ಎಂದು ವಾರ ತಲೆಕೆಡಿಸಿಕೊಳ್ಳುವವನಿಗೆ, ಆ ಕಿಂಡಿಯಿಂದ ಹೊರಟ ಗುಂಡು ಎಲ್ಲಿ ಬಿತ್ತು ಎಂಬುದು ತನಗೆ ಸಂಬಂಧಿಸಿದ್ದಲ್ಲ ಎನ್ನುವ ಸವಲತ್ತು ಇರಲಾರದು.

ಆದ್ದರಿಂದ ಕಳೆದ ವರ್ಷ 'ಫ್ಯಾನ್ಸಿ'ಯ ಬದಲು 'ಗಂಜ್-ಎ-ಸವಾಯಿ'ಯನ್ನು ಕೈಗೆತ್ತಿಕೊಂಡೆ. ಅದರ ನಕ್ಷೆಯಿಲ್ಲ, ಅಂದಾಜಿನಿಂದಲೇ ಕಟ್ಟಬೇಕು. ಅಕ್ಕ ಕುಮಟೆಯಿಂದ ಬಂದಿದ್ದಾಗ ಅರ್ಧ ಎದ್ದಿದ್ದ ಒಡಲನ್ನು ನೋಡಿ ಇದು ಯಾವ ಹಡಗು ಎಂದು ಕೇಳಿದಳು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲ ಮಾರಾಯ, ಕಳ್ಳರನ್ನ ಆಟಿಕೆ ಮಾಡಿದ್ದು ಸಾಲದು ಅಂತ ಈಗ ಸತ್ತವರನ್ನೂ ಮಾಡ್ತೀಯಾ?" ಎಂದಳು. ನನ್ನ ಹತ್ತಿರ ಸಿದ್ಧ ಉತ್ತರವಿತ್ತು. ಮರೆತುಹೋದವರನ್ನು ನೆನೆಯುವುದು ತಪ್ಪೇ ಅಂತ. ಆದರೆ ಅವಳು ಕೇಳಿದ್ದು ನೆನೆಯುವುದರ ಬಗ್ಗೆ ಅಲ್ಲ, ಕೈಯಲ್ಲಿ ಹಿಡಿದು ಆಡುವುದರ ಬಗ್ಗೆ. ಕಲ್ಲಿನಲ್ಲಿ ಕೆತ್ತಿದರೆ ಸ್ಮಾರಕ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಆಟಿಕೆ ಎನ್ನುವುದು ನ್ಯಾಯವಲ್ಲ ಎಂದು ಈಗಲೂ ನನ್ನ ವಾದ. ಅವಳೂ ತನ್ನ ವಾದ ಬಿಟ್ಟಿಲ್ಲ, ಫೋನಿನಲ್ಲಿ ಈಗಲೂ ಹಡಗನ್ನು ಒಂದು ಬಗೆಯ ಅನುಮಾನದಿಂದಲೇ ವಿಚಾರಿಸುತ್ತಾಳೆ.

ಕಷ್ಟ ನಿಜವಾಗಿ ಶುರುವಾದದ್ದು ಜನರನ್ನು ಕೂರಿಸುವಾಗ. ಈಗಿನ ಲೆಗೋ ತಲೆಗಳಲ್ಲಿ ಬಹಳಷ್ಟಕ್ಕೆ ಎರಡು ಮುಖ. ಒಂದು ಕಡೆ ನಗು, ತಿರುಗಿಸಿದರೆ ಹಿಂದುಗಡೆ ಹೆದರಿಕೆ. ಮೇಲೆ ಕೂದಲೋ ಪೇಟವೋ ಕೂರಿಸಿದರೆ ಬೇಡದ ಮುಖ ಮುಚ್ಚಿಹೋಗುತ್ತದೆ. ಯಾತ್ರಿಕರಿಗೆ ಯಾವ ಮುಖ ಹೊರಗಿಡುವುದು? ಹೆದರಿದ ಮುಖಗಳನ್ನು ಸಾಲಾಗಿ ನಿಲ್ಲಿಸಿ ನೋಡಿದೆ. ಕಂಬ ಮುರಿದು, ಡೆಕ್ಕಿನ ಮೇಲೆ ಕಳ್ಳರನ್ನು ಹತ್ತಿಸಿದರೆ ನೋಡುವವರ ಕಣ್ಣು ಮತ್ತೆ ಹೋಗುವುದು ಕಳ್ಳರ ಕಡೆಗೇ. ಹೆದರಿದವರು ಅವರ ಪರಾಕ್ರಮಕ್ಕೆ ಹಿನ್ನೆಲೆಯಾಗಿಬಿಡುತ್ತಾರೆ, ಆ ದಿನ ಸಮುದ್ರದಲ್ಲಿ ಆದ ಹಾಗೆಯೇ. ಹಾಗಾಗಿ ಕಂಬವನ್ನು ನೆಟ್ಟಗೆ ನಿಲ್ಲಿಸಿದ್ದೇನೆ. ಇದು ಊರಿಗೆ ಮರಳುತ್ತಿರುವ ಹಡಗು, ಸೂರತ್ತಿಗೆ ಇನ್ನು ಕೆಲವೇ ದಿನ. ಒಬ್ಬ ಮುದುಕ ಗಂಟು ಬಿಚ್ಚುತ್ತಿದ್ದಾನೆ. ಇಬ್ಬರು ಹೆಂಗಸರು ಅಟ್ಟಣಿಗೆಯ ನೆರಳಲ್ಲಿ ಕೂತಿದ್ದಾರೆ. ಅವರ ನಗು ಹೊರಗಿದೆ. ಇನ್ನೊಂದು ಮುಖ ಕೂದಲಿನ ಕೆಳಗಿದೆ, ಅಲ್ಲಿದೆ ಎಂದು ಕೂರಿಸಿದವನಿಗೆ ಗೊತ್ತು.

'ಫ್ಯಾನ್ಸಿ'ಯನ್ನು ಇದರ ಪಕ್ಕದಲ್ಲಿ ಕಟ್ಟಿ ನಿಲ್ಲಿಸಬೇಕೋ ಬೇಡವೋ ಎಂದು ಇನ್ನೂ ತೀರ್ಮಾನಿಸಿಲ್ಲ. ಅದಕ್ಕೆ ಬೇಕಾದ ಕೆಂಗಂದು ಇಟ್ಟಿಗೆಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಬೇರೆಯಾಗಿ ಎತ್ತಿಟ್ಟಿದ್ದೇನೆ.