ಮುಚ್ಚಳಿಕೆಯೂ ಒಂದು ವ್ರತ

ವ್ರತವನ್ನು ಸ್ವೀಕರಿಸುವುದು ಸುಲಭ, ಪಾಲಿಸುವುದು ದುಷ್ಕರ. ಲೌಕಿಕ ನ್ಯಾಯದಲ್ಲಿಯೂ ಇದಕ್ಕೆ ದೃಷ್ಟಾಂತವುಂಟು. ಮರಣದಂಡನೆ ಅಥವಾ ಆಜೀವ ಸೆರೆವಾಸಕ್ಕೆ ಅರ್ಹವಲ್ಲದ ಅಪರಾಧವನ್ನೆಸಗಿದವನನ್ನು, 1958ರ ಅಪರಾಧಿಗಳ ಪರಿವೀಕ್ಷಣಾ ಅಧಿನಿಯಮದ ಮೇರೆಗೆ, ನ್ಯಾಯಾಲಯವು ಒಡನೆಯೇ ಶಿಕ್ಷಿಸದೆ, ಸನ್ನಡತೆಯ ಮುಚ್ಚಳಿಕೆ ಬರೆಯಿಸಿಕೊಂಡು ಬಿಡಬಹುದು. ಅದರ ಅವಧಿ ಹೆಚ್ಚೆಂದರೆ 3 ವರ್ಷ. ಗೊತ್ತಾದ ವಾಸಸ್ಥಳ, ಮಾದಕವಸ್ತುಗಳ ತ್ಯಾಗ, ಪರಿವೀಕ್ಷಣಾಧಿಕಾರಿಯ ಮೇಲ್ವಿಚಾರಣೆ ಮೊದಲಾದ ನಿಯಮಗಳನ್ನೂ ವಿಧಿಸಬಹುದು.

ಈ ನಿಯಮಗಳನ್ನು ಮುರಿದರೆ ಗತಿಯೇನು? ಸತ್ತೆಯಲ್ಲಿದ್ದ ಕರ್ಮವು ಉದಯಕ್ಕೆ ಬರುವಂತೆ, ತಡೆದು ನಿಂತಿದ್ದ ಮೂಲಾಪರಾಧದ ಶಿಕ್ಷೆಯೇ ಎದುರಾಗಬಹುದು. ಮೊದಲ ಸಲದ ತಪ್ಪಾದರೆ, 50 ರೂಪಾಯಿಗೆ ಮೀರದ ದಂಡ ವಿಧಿಸಿ ಮುಚ್ಚಳಿಕೆಯನ್ನು ಮುಂದುವರಿಸಲು ನ್ಯಾಯಾಲಯಕ್ಕೆ ಅವಕಾಶವುಂಟು. ಅತಿಚಾರಕ್ಕೆ ಪ್ರಾಯಶ್ಚಿತ್ತವಿರುವಂತೆಯೇ ಇದು. ಆ ದಂಡವನ್ನೂ ಗಡುವಿನೊಳಗೆ ತೆರದವನು ಮತ್ತೆ ಮೂಲಶಿಕ್ಷೆಗೆ ಗುರಿಯಾಗಬಹುದು. ಹಾಗೆ ಶಿಕ್ಷಿತನಾದವನಿಗೆ, ಅಪರಾಧನಿರ್ಣಯದಿಂದ ಒದಗುವ ಅನರ್ಹತೆಗಳಿಂದ ಅಧಿನಿಯಮವು ನೀಡಿದ್ದ ರಕ್ಷಣೆಯೂ ಇಲ್ಲವಾಗುತ್ತದೆ.

ಆದುದರಿಂದ ಇಂಥವನ ತಪ್ಪನ್ನು ಮನೆಯವರು ಮುಚ್ಚಿಡುವುದು ಕರುಣೆಯಲ್ಲ. ಮುಚ್ಚಿಟ್ಟ ಅತಿಚಾರವೇ ಬೆಳೆದು ಅನಾಚಾರವಾಗುತ್ತದೆ. ವ್ರತದಲ್ಲಿ ಎಡವಿದ ಶ್ರಾವಕನು ಗುರುವಿನ ಮುಂದೆ ಆಲೋಚನೆ ಮಾಡುವಂತೆ, ಅವನೂ ತಡಮಾಡದೆ ಅಧಿಕಾರಿಯ ಮುಂದೆ ನಿಜವನ್ನು ನುಡಿಯಲಿ. ಜಾರುತ್ತಿದ್ದ ಪುಷ್ಪಡಾಲನನ್ನು ವಾರಿಷೇಣ ಮುನಿಯು ಸನ್ಮಾರ್ಗದಲ್ಲಿ ನಿಲ್ಲಿಸಿದನು. ಎಡವಿದವನ ಕೈಹಿಡಿದು ಹಾಗೆ ನಿಲ್ಲಿಸುವುದೇ ಗೃಹಸ್ಥರು ಆಚರಿಸಬೇಕಾದ ಸ್ಥಿತಿಕರಣ.