ಬ್ರೇಕ್ ಪೆಡಲ್ ಮತ್ತು ಪ್ರಾಮಾಣ್ಯ

ಅಪ್ಪ 1997ರಲ್ಲಿ ಕೊಂಡ ಮಾರುತಿ 800 ಈಗ ನನ್ನ ಪಾಲಿಗೆ ಬಂದಿದೆ. ಫೆಲೋಶಿಪ್ ಹಣದಲ್ಲಿ ಗ್ಯಾರೇಜಿನ ಬಿಲ್ಲು ಕಟ್ಟಲಾಗದೆ ರಿಪೇರಿ ಕಲಿತೆ ಎಂದು ಎಲ್ಲರ ಬಳಿ ಹೇಳಿಕೊಳ್ಳುತ್ತೇನೆ. ಅದು ಪೂರ್ತಿ ನಿಜವಲ್ಲ. ವರ್ಷಗಟ್ಟಲೆ ಒಂದೇ ಅಧ್ಯಾಯವನ್ನು ತಿದ್ದುತ್ತಾ ಕೂತವರಿಗೆ ಭಾನುವಾರದೊಳಗೆ ಮುಗಿಯುವ ಒಂದು ಕೆಲಸ ಬೇಕಾಗುತ್ತದೆ.

ಹಳೆಯ ಕಾರಿನ ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ. 796 ಸಿಸಿಯ ಎಂಜಿನ್, ಮೂರು ಸಿಲಿಂಡರ್, ಮೂರು ಸ್ಪಾರ್ಕ್ ಪ್ಲಗ್, ಒಂದು ಕಾರ್ಬುರೇಟರ್. ಪ್ಲಗ್ ಬಿಚ್ಚಿ ನೋಡಿದರೆ ಅದೇ ಮಾತಾಡುತ್ತದೆ: ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು ಹೋಗುತ್ತಿದೆ, ಬಿಳಿಚಿಕೊಂಡಿದ್ದರೆ ಕಡಿಮೆ. ಉಜ್ಜಿ, ತುದಿಯ ಸಂದು ಸರಿಮಾಡಿ ಕೂರಿಸಿದ ಮೇಲೆ, ಕುಂಟುತ್ತಿದ್ದ ಎಂಜಿನ್ ಒಂದೇ ಲಯಕ್ಕೆ ಬರುವ ಗಳಿಗೆಯ ಖುಷಿಗೆ ಸಾಟಿಯಿಲ್ಲ. ಗೋಳೂ ಅಷ್ಟೇ ಇದೆ. ತುಕ್ಕು ಹಿಡಿದ ಬೋಲ್ಟಿನ ತಲೆ ಮುರಿದು ಕೈಗೆ ಬರುತ್ತದೆ. ಹತ್ತರ ಸ್ಪ್ಯಾನರ್ ಬೇಕಾದಾಗಲೇ ಕಾಣೆಯಾಗುತ್ತದೆ. ಆದರೂ ಬೋಲ್ಟು ನಮ್ಮ ವಾಕ್ಚಾತುರ್ಯಕ್ಕೆ ಮರುಳಾಗುವುದಿಲ್ಲ ಎಂಬುದೇ, ಸೆಮಿನಾರುಗಳಲ್ಲಿ ದಿನ ಕಳೆಯುವ ನನಗೆ, ಒಂದು ಸಮಾಧಾನ.

ಕಳೆದ ವರ್ಷ ಬ್ರೇಕಿಗೆ ಕೈ ಹಾಕಿದೆ. ತಂಗಿ ಪೆಡಲ್ ಮೇಲೆ ಕಾಲಿಟ್ಟು ಕೂತಳು. ನಾನು ಚಕ್ರದ ಬಳಿ ಕೂತು 'ಒತ್ತು, ಹಿಡ್ಕೋ, ಬಿಡು' ಎನ್ನುತ್ತಾ ಹಳೆಯ ಬ್ರೇಕ್ ಆಯಿಲ್ ತೆಗೆದೆ. ಮನೆಯಲ್ಲಿ ಅರ್ಧ ಡಬ್ಬಿ ಉಳಿದಿತ್ತು, ಅದನ್ನೇ ತುಂಬಿದೆ. ಮನೆ ಮುಂದೆ ಹತ್ತು ಸಲ ಒತ್ತಿ ನೋಡಿದೆ. ಪೆಡಲ್ ಗಟ್ಟಿಯಾಗಿತ್ತು. ಮರುದಿನ ಅಮ್ಮನನ್ನು ಚಾಮುಂಡಿ ಬೆಟ್ಟಕ್ಕೆ ಕರೆದುಕೊಂಡು ಹೋದೆ.

ಇಳಿಯುವಾಗ ಉದ್ದಕ್ಕೂ ಬ್ರೇಕ್ ಮೇಲೇ ಕಾಲಿಟ್ಟಿದ್ದೆ. ಒಂದು ತಿರುವಿನಲ್ಲಿ ಪೆಡಲ್ ಮೆತ್ತಗಾಗಿ ಕೆಳಗಿಳಿಯಿತು. ಮುಂದೆ ಜನ ನಡೆದು ಹೋಗುತ್ತಿದ್ದರು. ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹೇಗೋ ಅಂಚಿಗೆ ನಿಲ್ಲಿಸಿದೆ. 'ಯಾಕೋ ನಿಲ್ಲಿಸ್ದೆ?' ಎಂದರು ಅಮ್ಮ. 'ಬಿಸಿಯಾಗಿದೆ' ಎಂದೆ. ಅರ್ಧ ಗಂಟೆ ಬಿಟ್ಟು ಒತ್ತಿದರೆ ಪೆಡಲ್ ಮತ್ತೆ ಗಟ್ಟಿ! ಆದರೂ ಓಡಿಸುವ ಧೈರ್ಯ ಬರಲಿಲ್ಲ, ಮೆಕ್ಯಾನಿಕ್ಕನ್ನು ಕರೆಸಿದೆ.

ಅವರು ಕೇಳಿದ್ದು ಒಂದೇ: 'ಹೊಸ ಡಬ್ಬಿನಾ ಸಾರ್?' ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದಿದರೆ ಆವಿಯ ಗುಳ್ಳೆ. ದ್ರವದ ಹಾಗಲ್ಲ, ಆವಿ ಅದುಮಿದಷ್ಟೂ ಕುಗ್ಗುತ್ತದೆ. ಕಾಲಿನ ಒತ್ತಡ ಚಕ್ರ ಮುಟ್ಟುವುದಿಲ್ಲ. ಮನೆ ಮುಂದೆ ಬ್ರೇಕ್ ತಣ್ಣಗಿತ್ತು, ಹಾಗಾಗಿ ತಪ್ಪು ಅಲ್ಲಿ ಕಾಣಲು ಸಾಧ್ಯವೇ ಇರಲಿಲ್ಲ.

ನಮ್ಮ ದರ್ಶನಗಳಲ್ಲಿ ಇದಕ್ಕೆ ಹತ್ತಿರದ ಒಂದು ಹಳೆಯ ಜಗಳವಿದೆ. ಜ್ಞಾನ ತಾನೇ ಪ್ರಮಾಣ, ಬಾಧಕ ಎದುರಾಗುವವರೆಗೆ ಅದನ್ನು ನಂಬಬೇಕು ಎನ್ನುತ್ತಾರೆ ಮೀಮಾಂಸಕರು. ಇಲ್ಲ, ಪ್ರಾಮಾಣ್ಯ ಹೊರಗಿನಿಂದ ತಿಳಿಯಬೇಕು. ನೀರೆಂದು ಕಂಡದ್ದು ಬಾಯಾರಿಕೆ ನೀಗಿಸಿದಾಗಲೇ ನೀರೆಂದು ಖಚಿತ ಎನ್ನುತ್ತಾರೆ ನೈಯಾಯಿಕರು. ಪ್ಲಗ್ಗಿನ ವಿಷಯದಲ್ಲಿ ಯಾರ ಮಾತು ಹಿಡಿದರೂ ನಡೆಯುತ್ತದೆ. ತಪ್ಪಾದರೆ ಕಾರು ನಿಲ್ಲುತ್ತದೆ, ನಾನು ತಳ್ಳುತ್ತೇನೆ. ಬ್ರೇಕಿನ ವಿಷಯದಲ್ಲಿ ಬಾಧಕ ಎದುರಾಗುವುದೇ ಇಳಿಜಾರಿನಲ್ಲಿ; ಪರೀಕ್ಷೆಯಾಗುವುದೂ ಅಲ್ಲೇ. ಅದರ ಬೆಲೆ ತೆರುವವರು ಹಿಂದಿನ ಸೀಟಿನ ಅಮ್ಮ, ರಸ್ತೆಯಲ್ಲಿ ನಡೆಯುವವರು. ನನ್ನ ಸ್ವಾವಲಂಬನೆಗೆ ಅವರ ಒಪ್ಪಿಗೆ ಕೇಳಿರಲಿಲ್ಲ. 'ನನಗೆ ಗೊತ್ತೇ?' ಎಂಬ ಪ್ರಶ್ನೆಯ ಜೊತೆಗೇ 'ಗೊತ್ತಿಲ್ಲದಿದ್ದರೆ ಯಾರಿಗೆ ಪೆಟ್ಟು?' ಎಂದೂ ಕೇಳಿಕೊಳ್ಳಬೇಕಿತ್ತು.

ಹಾಗಾದರೆ ಎಲ್ಲವನ್ನೂ ಬಲ್ಲವರಿಗೇ ಬಿಡಬೇಕೆ? ಇದನ್ನೇ ಆ ಮೆಕ್ಯಾನಿಕ್ ಬಳಿ ಕೇಳಿದೆ. 'ನೀವು ಮಾಡಿದ್ದು ತಪ್ಪಲ್ಲ ಸಾರ್. ಮಾಡಿದ್ಮೇಲೆ ಇನ್ನೊಬ್ರಿಗೆ ತೋರಿಸ್ಬೇಕಿತ್ತು. ನಾನು ಬ್ರೇಕ್ ಕೆಲ್ಸ ಮಾಡಿದ್ರೂ ನಮ್ಮ ಹುಡುಗನ ಕೈಲಿ ಒಂದ್ಸಲ ನೋಡಿಸ್ತೀನಿ' ಎಂದರು. ಅಷ್ಟು ವರ್ಷದ ಅನುಭವವಿದ್ದೂ ತಮ್ಮ ಕೈಯನ್ನು ಅವರು ಪೂರ್ತಿ ನಂಬುವುದಿಲ್ಲ. ನಾನು ಒಂದೇ ಭಾನುವಾರದಲ್ಲಿ ನಂಬಿಬಿಟ್ಟಿದ್ದೆ.

ಈಗಲೂ ಬ್ರೇಕ್ ಕೆಲಸ ಮಾಡುತ್ತೇನೆ, ಹೊಸ ಡಬ್ಬಿ ಒಡೆದು. ರಸ್ತೆಗಿಳಿಯುವ ಮೊದಲು ಅವರು ಬಂದು ನೋಡುತ್ತಾರೆ. ಖುಷಿ ಒಂದಿಷ್ಟು ಕಡಿಮೆಯಾಗಿದೆ, ಸುಳ್ಳು ಹೇಳಲಾರೆ. ಮೊನ್ನೆ ಅಮ್ಮ ಬಾಗಿಲು ತೆಗೆದು, ಕೂರುವ ಮುಂಚೆ ಕೇಳಿದರು: 'ಅವರು ನೋಡಿದ್ರಾ?' ಬೇಸರವಾಗಲಿಲ್ಲ. ಕೇಳುವ ಹಕ್ಕು ಅವರಿಗೆ ಮೊದಲಿನಿಂದಲೂ ಇತ್ತು.