ಅರಿವಿನ ಋಣ

ಅನ್ಯಾಯವನ್ನು ಅರಿತವನ ಮೇಲೆ ಆ ಅರಿವಿನಿಂದಲೇ ಒಂದು ಋಣ ಬೀಳುತ್ತದೆಯೆ? ಬೀಳುತ್ತದೆ ಎಂಬುದೇ ನಮ್ಮ ಹಿರಿಯರ ಮತ. ಅರಿವನ್ನೂ ಆಚಾರವನ್ನೂ ಅವರು ಬೇರ್ಪಡಿಸಿ ನೋಡಲಿಲ್ಲ. ಇಂದಾದರೋ ಅರಿವು ಬಲು ಸುಲಭವಾಗಿದೆ. ಕೈಯೊಳಗಿನ ಮೊಬೈಲು ಊರೂರಿನ ದುಃಖವನ್ನು ಕ್ಷಣಮಾತ್ರದಲ್ಲಿ ತಂದು ತೋರಿಸುತ್ತದೆ. ನಾವು ಮರುಗುತ್ತೇವೆ, ನಾಲ್ವರಿಗೆ ಕಳುಹಿಸುತ್ತೇವೆ, ಕರ್ತವ್ಯ ತೀರಿತೆಂದು ನೆಮ್ಮದಿಗೊಳ್ಳುತ್ತೇವೆ. ಆ ನೆಮ್ಮದಿಯೇ ವಿಚಾರಣೀಯವಾದುದು.

2017ರ ಸೆಪ್ಟೆಂಬರ್ 5ರ ರಾತ್ರಿ ಪತ್ರಕರ್ತೆ ಗೌರಿ ಲಂಕೇಶರು ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ತಮ್ಮ ಮನೆಯ ಮುಂದೆಯೇ ಗುಂಡಿಗೆ ಬಲಿಯಾದರು. ಅದಕ್ಕೆ ಎರಡು ವರ್ಷ ಮೊದಲು, 2015ರ ಆಗಸ್ಟ್ 30ರಂದು, ಧಾರವಾಡದಲ್ಲಿ ಡಾ. ಎಂ. ಎಂ. ಕಲಬುರ್ಗಿಯವರು ಹೀಗೆಯೇ ಮನೆಬಾಗಿಲಲ್ಲಿ ಹತರಾಗಿದ್ದರು. ಗೌರಿಯವರ ಸುದ್ದಿ ಅಂದೇ ದೇಶವೆಲ್ಲ ಹರಡಿತು. ವಾರ ಕಳೆಯುವಷ್ಟರಲ್ಲಿ 'ನಾನೂ ಗೌರಿ' ಎನ್ನುತ್ತ ಸಾವಿರಾರು ಜನ ಬೆಂಗಳೂರಿನಲ್ಲಿ ನೆರೆದರು. (ಅವರ ಬರಹಗಳನ್ನು ಒಪ್ಪದವರು ನಮ್ಮ ಭಕ್ತರಲ್ಲೂ ಉಂಟು. ಒಪ್ಪದ ಮಾತಿಗೆ ಮಾತೇ ಉತ್ತರ.) ಆದರೆ ನ್ಯಾಯಾಲಯದಲ್ಲಿ ಸಾಕ್ಷಿವಿಚಾರಣೆ ಆರಂಭವಾದದ್ದು 2022ರ ಜುಲೈಯಲ್ಲಿ. ಸುಮಾರು ಐದು ವರ್ಷ! ಅಷ್ಟು ಕಾಲ ಬಾಳುವ ಮರುಕ ನಮ್ಮಲ್ಲಿ ಎಷ್ಟು ಜನರಿಗಿದೆ? ಜಗತ್ತಿನಾದ್ಯಂತ ಪತ್ರಕರ್ತರ ಹತ್ಯೆಗಳಲ್ಲಿ ಶೇಕಡಾ 85ರಷ್ಟು ಬಗೆಹರಿಯದೆ ಉಳಿದಿವೆ ಎಂದು ಯುನೆಸ್ಕೋ 2024ರಲ್ಲಿ ಹೇಳಿದೆ.

ರೋಣ, ನರಗುಂದ, ಗಜೇಂದ್ರಗಡಗಳ ಸದ್ಭಕ್ತರು ಇದು ದೂರದ ಮಾತೆಂದು ಭಾವಿಸಲಾಗದು. ತಾಲೂಕಿನ ವರದಿಗಾರನನ್ನು ನೋಡಿರಿ. ಪತ್ರಿಕೆಯಿಂದ ಅವನಿಗೆ ದೊರೆಯುವುದು ಬಹುಮಟ್ಟಿಗೆ ಅಲ್ಪ ಗೌರವಧನ. ಹೊಟ್ಟೆಪಾಡಿಗೆ ಹೊಲವೋ ಅಂಗಡಿಯೋ ಬೇಕು. ಹಳ್ಳದ ಮರಳು, ಪಡಿತರದ ಅಕ್ಕಿ, ಕಾಮಗಾರಿಯ ಹಣ, ಇವುಗಳ ಬಗ್ಗೆ ಅವನು ಬರೆದರೆ ಮರುದಿನ ಸಂತೆಯಲ್ಲಿ ಎದುರಾಗುವವರೂ ಅವರೇ. ಬೆದರಿಕೆ ಬಂದ ದಿನ ಅವನ ಬೆನ್ನಿಗೆ ರಾಜಧಾನಿಯ ಜನಸ್ತೋಮವಿರುವುದಿಲ್ಲ. ಇದ್ದರೆ ನಾವೇ ಇರಬೇಕು.

ದುಃಖವನ್ನು ಕಾರ್ಯವಾಗಿಸುವುದು ಈ ನೆಲಕ್ಕೆ ಹೊಸತಲ್ಲ. 1980ರ ಜುಲೈ 21ರಂದು, ಮಲಪ್ರಭಾ ಅಚ್ಚುಕಟ್ಟಿನ ಕರಭಾರದ ವಿರುದ್ಧ ರೈತರು ಎದ್ದಾಗ, ನರಗುಂದದಲ್ಲಿ ಗೋಲಿಬಾರಾಯಿತು. ಅಂದಿನ ಹಿಂಸೆಯನ್ನು ಯಾರೂ ಹೊಗಳಲಾರರು. ಆದರೆ ರೈತರು ಕಣ್ಣೀರಿಟ್ಟು ಮನೆಗೆ ಮರಳಲಿಲ್ಲ; ಅದೇ ವರ್ಷ ರಾಜ್ಯ ರೈತ ಸಂಘ ರೂಪುಗೊಂಡಿತು.

ವರದಿಗಾರನನ್ನು ಠಾಣೆಗೆ ಕರೆದ ದಿನ ಊರ ಹಿರಿಯರು ನಾಲ್ವರು ಜೊತೆಗೆ ಹೋಗಿ ಕುಳಿತರೆ ಸಾಕು, ಮಾತಿನ ಧಾಟಿಯೇ ಬದಲಾಗುತ್ತದೆ. ನಮ್ಮ ಪ್ರಸಾದನಿಲಯದಲ್ಲಿ ಉಂಡು ಓದಿ ವಕೀಲರಾದವರು ಹಲವರಿದ್ದಾರೆ. ಆ ಕೆಲಸಕ್ಕೆ ಅವರಿಗಿಂತ ಯೋಗ್ಯರಾರು? ಮಹಾರಾಷ್ಟ್ರದ ಶಾಸನಸಭೆಯು 2017ರಲ್ಲಿ, ಛತ್ತೀಸಗಡದ ಶಾಸನಸಭೆಯು 2023ರಲ್ಲಿ ಪತ್ರಕರ್ತರ ರಕ್ಷಣೆಗೆ ಮಸೂದೆಯನ್ನು ಅಂಗೀಕರಿಸಿದವು. ಮತ ಕೇಳಲು ಬಂದವರ ಮುಂದೆ ಈ ಮಾತನ್ನು ಇಡಿರಿ. ಎಲ್ಲಕ್ಕಿಂತ ಕಠಿನವಾದದ್ದು ಸಾಕ್ಷಿ ನುಡಿಯುವುದು. ಕಣ್ಣಾರೆ ಕಂಡವರೇ ಹಿಂದೆಗೆದಾಗ ಬರೆದವನು ಒಂಟಿಯಾಗುತ್ತಾನೆ. ಭಯ ಸಹಜ. ಸರ್ವೋಚ್ಚ ನ್ಯಾಯಾಲಯವು 2018ರ ಡಿಸೆಂಬರಿನಲ್ಲಿ ಸಾಕ್ಷಿಗಳ ರಕ್ಷಣಾ ಯೋಜನೆಯನ್ನು ದೇಶಕ್ಕೆಲ್ಲ ಅನ್ವಯಿಸಿದೆ; ಅದರಂತೆ ರಕ್ಷಣೆಯ ಅರ್ಜಿಯನ್ನು ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಸಲ್ಲಿಸಬಹುದು.